ಕೋಲು ತಂದವರಿಗಷ್ಟೇ ಪೆಟ್ಟಿಗೆ

ಮೊದಲ ಪೆಟ್ಟಿಗೆ ಮಾರಿದ ಮೇಲೆ ಎರಡು ತಿಂಗಳು ನಾನು ಎರಡನೆಯದನ್ನು ಮಾರಲಿಲ್ಲ. ಕೇಳಿಕೊಂಡು ಬಂದವರಿದ್ದರು, ಶೆಡ್ಡಿನಲ್ಲಿ ಸರಕೂ ಇತ್ತು. ಆದರೂ ಮಾರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಓಣಿಯಲ್ಲಿ ಆಗ ನನ್ನನ್ನು ಕಂಡವರು ಇವನಿಗೆ ತಲೆ ಕೆಟ್ಟಿದೆ ಎಂದು ಸನ್ನೆ ಮಾಡಿಕೊಳ್ಳುತ್ತಿದ್ದರು. ಇಂದಿಗೂ ನನ್ನ ಭಾವ ಯಾವುದಾದರೂ ಮದುವೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತರೆ ಸಾಕು, ಆ ಎರಡು ತಿಂಗಳ ಕಥೆಯನ್ನು ಎದುರು ಸಾಲಿನವರಿಗೆಲ್ಲ ಬಡಿಸುತ್ತಾನೆ. ಬಡಿಸಲಿ. ನಾನೂ ಬರೆಯುತ್ತೇನೆ.

ಬರೆಯುವುದಕ್ಕೆ ಕಾರಣವಿದೆ. ಈಚೆಗೆ ಹುಡುಗರು ಹುಡುಕಿಕೊಂಡು ಬರುತ್ತಾರೆ. "ಸ್ಟಾರ್ಟಪ್ ಮಾಡ್ಬೇಕಂತ ಇದೀವಿ ಸಾರ್, ನೀವು ಸ್ವಂತ ಕಾಲ ಮೇಲೆ ನಿಂತೋರು, ಏನಾದ್ರೂ ಹೇಳ್ರಿ" ಎನ್ನುತ್ತಾರೆ. ಅವರ ಕೈಯಲ್ಲಿ ಬಣ್ಣಬಣ್ಣದ ಹಾಳೆಗಳಿರುತ್ತವೆ. ಮೊದಲ ವರ್ಷ ಎಷ್ಟು ಊರು, ಮೂರನೇ ವರ್ಷ ಎಷ್ಟು ಊರು ಎಂದು ಗೆರೆಗಳು ಹಾಳೆಯ ತುದಿವರೆಗೂ ಏರಿರುತ್ತವೆ. ನಾನು ಎಲ್ಲವನ್ನೂ ನೋಡಿ, ಮಡಚಿ ಕೊಟ್ಟು, ಒಂದು ಪ್ರಶ್ನೆ ಕೇಳುತ್ತೇನೆ: "ನಿಮ್ಮ ಹತ್ರ ಮೊದಲು ತಗೊಂಡೋನು ಈಗ ಹೆಂಗಿದಾನೆ?" ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಗ ಟೀ ತರಿಸಿ ಈ ಕಥೆ ಹೇಳಲು ಶುರು ಮಾಡುತ್ತೇನೆ.

ನಾನು ಗುಜರಿಯವನು. ಓದು ಏಳನೇ ಕ್ಲಾಸಿಗೆ ನಿಂತಿತು. ಕಡಲೇಕಾಯಿ ಎಣ್ಣೆ ಮಿಲ್ಲುಗಳಲ್ಲಿ ಸವೆದು ಮೂಲೆಗೆ ಬಿದ್ದ ಪುಲ್ಲಿ, ಶಾಫ್ಟು, ಸುಟ್ಟ ಮೋಟರು ಕೊಂಡು ಬೇರೆ ಕಡೆ ಮಾರುವುದು ನನ್ನ ಕಸುಬು. ಅಂಗಿಗೆ ಯಾವಾಗಲೂ ಹಿಂಡಿಯ ವಾಸನೆ. ಚೌಕಾಸಿಯನ್ನು ನನಗೆ ಯಾರೂ ಕಲಿಸಲಿಲ್ಲ, ನಾನೇ ಕಂಡುಕೊಂಡೆ. ಚೌಕಾಸಿ ಮಾಡುವಾಗ ಸಾಮಾನನ್ನು ನೋಡಬಾರದು, ಎದುರಿನವನ ಬಾಯನ್ನಂತೂ ನೋಡಲೇಬಾರದು. ಕಾಲು ನೋಡಬೇಕು. ಯಾರಿಗೆ ಅವಸರವಿದೆ ಎಂಬುದನ್ನು ಕಾಲು ಹೇಳಿಬಿಡುತ್ತದೆ. ಇನ್ನೊಂದು ವಿದ್ಯೆಯೂ ನನಗಿತ್ತು. ಎಂಥ ಕಬ್ಬಿಣವನ್ನಾದರೂ ಒಂದು ಮೂಲೆ ಎತ್ತಿ ನೋಡಿ ತೂಕ ಹೇಳುತ್ತಿದ್ದೆ. ಈ ವಿದ್ಯೆಯೇ ನನ್ನನ್ನು ಕೆಡಿಸಿತು, ಅದನ್ನು ಮುಂದೆ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಗಡಿಯಾಚೆ ಆಂಧ್ರದ ಊರೊಂದರಲ್ಲಿ ಕೈಮಗ್ಗ ಕಿತ್ತು ಕರೆಂಟಿನ ಮಗ್ಗ ಹಾಕುತ್ತಿದ್ದರು. ಅಲ್ಲಿಯ ಗುಜರಿ ಅಂಗಡಿಯಲ್ಲಿ ಜಕಾರ್ಡ್ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಜಕಾರ್ಡ್ ಎಂದರೆ ಮಗ್ಗದ ಮೇಲೆ ಕೂರಿಸುವ ಕಬ್ಬಿಣದ ಪೆಟ್ಟಿಗೆ. ಅದರಿಂದ ನೂರಾರು ದಾರಗಳು ಕೆಳಗಿಳಿದು ರೇಷ್ಮೆ ಎಳೆಗಳನ್ನು ಹಿಡಿದಿರುತ್ತವೆ. ತೂತು ಹೊಡೆದ ರಟ್ಟಿನ ಹಾಳೆ ಒಂದೊಂದಾಗಿ ತಿರುಗಿದಂತೆ ಬೇಕಾದ ಎಳೆಗಳಷ್ಟೇ ಮೇಲೇಳುತ್ತವೆ. ಬಟ್ಟೆಯಲ್ಲಿ ಹೂವೋ ಹಂಸವೋ ಮೂಡುತ್ತದೆ. ಮೊಳಕಾಲ್ಮೂರಿನಲ್ಲಿ ಮನೆಮನೆಗೂ ರೇಷ್ಮೆ ಮಗ್ಗ, ಪೆಟ್ಟಿಗೆ ಇದ್ದವರು ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು. ಹಳೇ ಪೆಟ್ಟಿಗೆ ತಂದು, ತೊಳೆದು, ಸವೆದ ಕೊಕ್ಕೆ ಬದಲಿಸಿ ಅಲ್ಲಿ ಮಾರಿದರೆ ಹೇಗೆ? ಭಾವನಿಗೆ ಹೇಳಿದೆ. ಅಕ್ಕನ ಗಂಡ, ಮಿಲ್ಲಿನ ಹಿಂದೆ ಒಂದು ಖಾಲಿ ಶೆಡ್ಡು ಇಟ್ಟುಕೊಂಡಿದ್ದವನು. "ಮಾಡಲೇ, ಶೆಡ್ಡು ನನ್ದು, ಮೈಕೈ ನಿನ್ದು" ಎಂದ. ಹನ್ನೆರಡು ಪೆಟ್ಟಿಗೆ ಲಾರಿಯಲ್ಲಿ ಬಂದಿಳಿದವು.

ಮೊದಲ ಗಿರಾಕಿ ಬಂದದ್ದು ಸಂಕ್ರಾಂತಿ ಕಳೆದ ವಾರ, ಮಟಮಟ ಮಧ್ಯಾಹ್ನ. ಮೊಳಕಾಲ್ಮೂರಿನ ನೇಕಾರ, ನನಗಿಂತ ಹತ್ತು ವರ್ಷ ದೊಡ್ಡವನು. ಪೆಟ್ಟಿಗೆಯ ಸುತ್ತ ಮೂರು ಸುತ್ತು ಹಾಕಿದ. ಮುಟ್ಟಲಿಲ್ಲ.

"ಇದು ಓಡ್ತೈತಾ?"

"ಓಡ್ದೆ ಇದ್ರೆ ಇಲ್ಲಿಟ್ಕಂಡು ಪೂಜೆ ಮಾಡ್ತಿದ್ನಾ ಅಣ್ಣಾ?"

"ಗುಜರಿಯೋರು ನೀವು. ಬರೇ ತುಕ್ಕಿಗೂ ಕುಂಕುಮ ಹಚ್ತೀರಿ."

ಮಾತು ಇಷ್ಟವಾಯಿತು. ಅವನ ಕಾಲು ನೋಡಿದೆ. ನೆಲಕ್ಕೆ ಗಟ್ಟಿಯಾಗಿ ಊರಿಕೊಂಡಿದ್ದವು, ಅವಸರವಿರಲಿಲ್ಲ. ಆದರೂ ಬಿಟ್ಟು ಹೋಗುವವನಲ್ಲ ಎಂದು ಅನ್ನಿಸಿತು. ಯಾಕೆ ಬೇಕು ಎಂದು ಕೇಳಿದೆ. ಸುಮ್ಮನೆ ಮಾತಿಗೆ ಕೇಳಿದ್ದು. ಅವನು ಹೇಳಿದ ಉತ್ತರ ನನ್ನ ಕೊರಳಿಗೆ ಬೀಳುತ್ತದೆ ಎಂದು ಗೊತ್ತಿದ್ದರೆ ಕೇಳುತ್ತಿದ್ದೆನೋ ಇಲ್ಲವೋ.

"ಬಿ.ಜಿ. ಕೆರೆಯಾಗೆ ಒಂದು ಮದುವೆ ಐತೆ. ಹೆಣ್ಣಿನೋರು ಸಾವ್ಕಾರ್ರ ಅಂಗಡಿಗೆ ಹೋಗ್ದೆ ಸೀದಾ ನಮ್ಮನೆಗೇ ಬಂದ್ರು. ಸೆರಗಿನ ತುಂಬ ಮಾವಿನಕಾಯಿ, ಅಂಚಿನಾಗೆ ಹಂಸ ಬೇಕಂತೆ. ಯುಗಾದಿ ಕಳೆದು ಹದಿನೈದು ದಿನಕ್ಕೆ ಮುಹೂರ್ತ. ಬರೇ ಕೈಯಾಗೆ ಅಷ್ಟ್ರೊಳಗೆ ಆಗಲ್ಲ, ಪೆಟ್ಟಿಗೆ ಇದ್ರೆ ಆಗ್ತೈತೆ. ಇದೊಂದು ಸೀರೆ ಗೆದ್ರೆ ನಾನಿನ್ನು ಕೂಲಿಗೆ ನೇಯಲ್ಲ. ಸೋತ್ರೆ ಮತ್ತೆ ಸಾವ್ಕಾರ್ರ ಬಾಗಿಲು."

ಅಲ್ಲಿಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೂಲಿ ಮಗ್ಗ ಎಂದರೆ ಮನೆ ನೇಕಾರನದು, ಮಗ್ಗ ನೇಕಾರನದು, ಬೆನ್ನು ನೋವೂ ಅವನದು. ರೇಷ್ಮೆ ಮಾತ್ರ ಸೀರೆ ಸಾಹುಕಾರನದು. ಯಾವ ಬಣ್ಣ, ಯಾವ ಅಂಚು, ಯಾರಿಗೆ ಎಂಬುದೆಲ್ಲ ಅವನೇ ಹೇಳುತ್ತಾನೆ. ತಾನು ನೇಯ್ದ ಸೀರೆ ಉಟ್ಟವಳ ಮುಖವನ್ನು ನೇಕಾರ ನೋಡುವುದೇ ಇಲ್ಲ. ಈ ಮನುಷ್ಯ ಒಂದು ಮುಖ ನೋಡಲು ಹೊರಟಿದ್ದ.

ಪೆಟ್ಟಿಗೆ ಖಾಸಗಿ ಬಸ್ಸಿನ ಟಾಪಿನ ಮೇಲೇರಿತು, ನಾನೂ ಜೊತೆಗೆ ಹೋದೆ. ಮಾಳಿಗೆ ಮನೆ, ಮೇಲೆ ಮಣ್ಣು ಹೊದೆಸಿದ ಚಾವಣಿ, ಕೆಳಗೆ ಕಪ್ಪಗಾದ ತೊಲೆಗಳು. ಕುಣಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ನೇಕಾರ ನೆಲದ ಮಟ್ಟದಲ್ಲಿ ಕೂರುತ್ತಾನೆ, ಉದ್ದೆಳೆಗಳ ಹಾಸು ನೆಲಕ್ಕೆ ಹತ್ತಿರದಲ್ಲೇ ಹರಡಿರುತ್ತದೆ. ನಾನು ಗುಜರಿಯವನು, ನನಗಿದ್ದ ಚಿಂತೆ ಒಂದೇ. ಇಷ್ಟು ತೂಕವನ್ನು ತೊಲೆ ತಡೆಯುತ್ತದೆಯೇ? ಒಂದು ಸಲ ಎಗರಿ ತೊಲೆ ಹಿಡಿದು ಜೋತುಬಿದ್ದೆ. ಎರಡು ಸಲ ಜೀಕಿದೆ. ಮೂಲೆಯಲ್ಲಿ ರಾಟೆ ತಿರುಗಿಸುತ್ತಿದ್ದ ನೇಕಾರನ ತಾಯಿ ಕೈ ನಿಲ್ಲಿಸಿದಳು.

"ಏಮಪ್ಪಾ ಗುಜರೀ, ಮನೆ ಬೀಳಿಸಿ ತೂಕಕ್ಕೆ ಹಾಕೋಕೆ ಬಂದೆಯಾ?"

"ಗಟ್ಟಿ ಐತಾ ನೋಡಿದೆ ಅವ್ವಾ."

"ನಮ್ಮ ಮಾವನೋರು ಹಾಕಿಸಿದ ತೊಲೆ. ನಿನ್ನಂಥೋರು ನಾಕು ಜನ ಜೋತುಬಿದ್ರೂ ಅಲುಗಲ್ಲ."

ತೊಲೆ ಗಟ್ಟಿಯಿತ್ತು. ಆದರೆ ಒಂದು ಎಗರಿಗೆ ಕೈಗೆ ಸಿಗುವ ತೊಲೆ ತಗ್ಗಿನದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. "ಎತ್ತರ ಸಾಲ್ತೈತೇನಣ್ಣಾ?" ಎಂದು ಹೊರಡುವ ಮುಂಚೆ ಕೇಳಿದ್ದೂ ಉಂಟು. ಮಗ್ಗದಲ್ಲಿ ಕೂತಿದ್ದ ನೇಕಾರ ತಲೆ ಎತ್ತಿ ನೋಡಿ, "ಬೇಕಾದಷ್ಟೈತೆ" ಎಂದ. ಅವನು ಸುಳ್ಳು ಹೇಳಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯನ್ನು ನೆಲದ ಮೇಲೆ ಕೂತೇ ನೋಡಿದವನು. ಕೂತವನಿಗೆ ಯಾವ ಮಾಳಿಗೆ ತಗ್ಗು? ನಾನು ತೂಕ ನೋಡಿದೆ, ಅವನು ಕೂತು ನೋಡಿದ. ನಿಂತು ಅಳೆಯುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಪೆಟ್ಟಿಗೆ ಕೂರಿಸುವ ದಿನ ಮತ್ತೆ ಹೋದೆ. ದಾರಗಳು ಉದ್ದವಾಗಿ ನೆಲಕ್ಕೆ ಬಿದ್ದವು. ನೇಕಾರ ತಲೆ ಕೆರೆದುಕೊಂಡ. "ಉದ್ದ ಇದ್ರೆ ಕತ್ತರಿಸ್ರಿ, ಅಷ್ಟೇ ತಾನೆ" ಎಂದೆ. ಅವನು ಅನುಮಾನಿಸಿದ. ನಾನೇ ಕತ್ತರಿ ತೆಗೆದುಕೊಂಡು ನೂರಾರು ದಾರ ಮೋಟು ಮಾಡಿದೆ. ಬಾಯಿಗೆ ಬೀಗ ಹಾಕಿಕೊಳ್ಳಬೇಕಾದ ಕಡೆ ಬುದ್ಧಿ ಹೇಳುವುದು ನನಗೆ ಆಗಲೂ ಚಟ.

ಎಂಟು ದಿನ ಬಿಟ್ಟು ಹೋದರೆ ಸೀರೆ ಒಂದು ಗೇಣೂ ಆಗಿರಲಿಲ್ಲ. ನಡುವಿನ ಎಳೆಗಳು ಸರಿಯಾಗಿ ಏಳುತ್ತಿದ್ದವು. ಎರಡೂ ಪಕ್ಕದ ಎಳೆಗಳು ಟಪ್ ಟಪ್ ಎಂದು ಹರಿಯುತ್ತಿದ್ದವು. ಒಂದು ಕಟ್ಟುವಷ್ಟರಲ್ಲಿ ಇನ್ನೊಂದು. ನೇಯ್ದಷ್ಟರಲ್ಲಿ ಮೂಡಿದ್ದ ಮಾವಿನಕಾಯಿಯ ಒಂದು ಮಗ್ಗುಲು ಸೊಟ್ಟಗೆ ಬಾಗಿತ್ತು.

"ಮಾವಿನಕಾಯಿ ಅಂತ ಹೇಳಿ ಹುಣಸೆಕಾಯಿ ಪೆಟ್ಟಿಗೆ ಕೊಟ್ಟೀಯಲ್ಲಪ್ಪಾ" ಎಂದಳು ಮುದುಕಿ.

ನೇಕಾರ ಮಾತ್ರ ನನ್ನನ್ನು ಬೈಯಲಿಲ್ಲ. ಹರಿದ ಎಳೆಗೆ ಗಂಟು ಹಾಕುತ್ತಾ, ತಲೆ ಎತ್ತದೆ ಹೇಳಿದ. "ಪೆಟ್ಟಿಗೆ ಸರಿಯಾಗೈತೆ ತಮ್ಮಾ. ನನ್ನ ಕೈಗೇ ಹತ್ತುತ್ತಿಲ್ಲ. ಕೂಲಿಗೆ ನೇಯೋ ಕೈಗೆ ಇದೆಲ್ಲ ಯಾಕೆ ಬೇಕಿತ್ತು?"

ಬೈದಿದ್ದರೆ ನಾನೂ ತಿರುಗಿ ಬೈದು, ಚೌಕಾಸಿ ಮಾಡಿ, ಏನೋ ಒಂದು ರಾಜಿ ಮಾಡಿಕೊಂಡು ಬಸ್ಸು ಹತ್ತುತ್ತಿದ್ದೆ. ಅದಕ್ಕೆಲ್ಲ ನನ್ನ ಬಳಿ ಮಾತು ಸಿದ್ಧವಿತ್ತು. ಇಲ್ಲಿ ಇಪ್ಪತ್ತೈದು ವರ್ಷ ಲಾಳಿ ಎಸೆದ ಕೈ, ನಾನು ತಂದ ಕಬ್ಬಿಣದ ಮುಂದೆ ತನ್ನದೇ ತಪ್ಪೆಂದು ಒಪ್ಪಿಕೊಳ್ಳುತ್ತಿತ್ತು. ವ್ಯಾಪಾರ ಶುರು ಮಾಡುವವರಿಗೆ ಇಲ್ಲೊಂದು ಮಾತು ಒತ್ತಿ ಹೇಳುತ್ತೇನೆ. ಗಿರಾಕಿ ತಪ್ಪನ್ನು ತನ್ನ ಮೇಲೆ ಎಳೆದುಕೊಂಡಾಗ ಬಾಯಿ ಮುಚ್ಚಿಕೊಂಡು ನಿಲ್ಲುವವನು ಕಳ್ಳ. ತಕ್ಕಡಿಯಲ್ಲಿ ಕಲ್ಲು ಬದಲಿಸುವವನಿಗಿಂತ ದೊಡ್ಡ ಕಳ್ಳ. ಇದನ್ನು ಯಾರ ಎದುರು ಬೇಕಾದರೂ ಹೇಳುತ್ತೇನೆ.

"ಕೈ ನಿಂದು ಸರಿ ಐತಣ್ಣಾ. ತಪ್ಪು ಎಲ್ಲೈತೆ ಅಂತ ಹುಡುಕೋದು ನನ್ನ ಕೆಲಸ" ಎಂದು ಹೇಳಿ ಎದ್ದೆ. ಎಲ್ಲಿದೆ ಎಂದು ನನಗೂ ಗೊತ್ತಿರಲಿಲ್ಲ.

ಊರಿಗೆ ವಾಪಸ್ ಬಂದರೆ ಭಾವ ಬಸ್ ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದ. ಮುಖದಲ್ಲಿ ಹಬ್ಬ. ಹೋಟೆಲ್ಲಿಗೆ ಎಳೆದುಕೊಂಡು ಹೋದ. ಒಳಗೆ ಮಂಡಕ್ಕಿ ಮಿರ್ಚಿಯ ತಟ್ಟೆ ಮುಂದಿಟ್ಟುಕೊಂಡು ಮೊಳಕಾಲ್ಮೂರಿನ ಸೀರೆ ಸಾಹುಕಾರ ಕೂತಿದ್ದ. ಅದೇ ಸಾಹುಕಾರ, ನನ್ನ ನೇಕಾರ ಯಾರ ಬಾಗಿಲಿಗೆ ಮತ್ತೆ ಹೋಗಬಾರದು ಎಂದುಕೊಂಡಿದ್ದನೋ ಅವನು.

"ಹತ್ತು ಪೆಟ್ಟಿಗೆ ಬೇಕು. ಉದ್ದಕ್ಕೆ ಒಂದು ಶೆಡ್ಡು ಹಾಕಿಸಿದೀನಿ, ಹತ್ತೂ ಮಗ್ಗಕ್ಕೆ ಒಂದೇ ಸಲ ಏರಿಸ್ಬೇಕು" ಎಂದ.

"ಮೊದಲಿನದೇ ಇನ್ನೂ ಓಡ್ತಾ ಇಲ್ಲ ಸಾವ್ಕಾರ್ರೇ. ಯಾಕಂತ ನನಗೇ ತಿಳೀದೆ ನಿಮಗೆ ಹೆಂಗೆ ಕೊಡ್ಲಿ?"

ಮೇಜಿನ ಕೆಳಗೆ ಭಾವ ನನ್ನ ಕಾಲು ತುಳಿದ. ಸಾಹುಕಾರ ನಕ್ಕ.

"ಓಡ್ಲಿಲ್ಲ ಅಂದ್ರೆ ನನ್ನ ಕರ್ಮ. ನಿನಗ್ಯಾಕೆ ಆ ಚಿಂತೆ? ಒಂದೇ ಮಾತು. ಆ ಮನೆಗೆ ಹೋಗಿ ಕೂತ್ಕಂಡು ರಿಪೇರಿ ಮಾಡೋದು ಬಿಟ್ಬಿಡು. ಅವನು ಹೆಂಗಿದ್ರೂ ಒಂದು ತಿಂಗಳಾಗೆ ನನ್ನ ಹತ್ರ ಬರೋನೇ. ನೀನು ಸುಮ್ನಿದ್ರೆ ಇನ್ನೂ ಬೇಗ ಬರ್ತಾನೆ."

ನಾನು ಅಭ್ಯಾಸಬಲದಿಂದ ಮೇಜಿನ ಕೆಳಗೆ ನೋಡಿದೆ. ಸಾಹುಕಾರನ ಕಾಲು ಚಪ್ಪಲಿಯೊಳಗೆ ಒಂದೇ ಸಮನೆ ಕುಣಿಯುತ್ತಿತ್ತು. ಊರಿಗೆ ಊರೇ ಹೆದರುವ ಮನುಷ್ಯ, ಒಬ್ಬ ನೇಕಾರ ಒಂದು ಸೀರೆ ತಾನೇ ನೇಯ್ದು ಕೊಟ್ಟಾನು ಎಂದು ಚಳ್ಳಕೆರೆಯವರೆಗೆ ಓಡಿ ಬಂದಿದ್ದ.

"ಆ ಸೀರೆ ಮಗ್ಗದಿಂದ ಇಳೀಲಿ ಸಾವ್ಕಾರ್ರೇ. ಅಲ್ಲೀವರೆಗೆ ನಿಮಗೂ ಇಲ್ಲ, ಇನ್ನೊಬ್ಬರಿಗೂ ಇಲ್ಲ. ಒಂದು ಮೊಳೆನೂ ಮಾರಲ್ಲ."

ಸಾಹುಕಾರ ಕೈ ತೊಳೆದುಕೊಂಡು ಎದ್ದು ಹೋದ. ಭಾವ ಮಿರ್ಚಿಯ ತಟ್ಟೆ ಪಕ್ಕಕ್ಕೆ ತಳ್ಳಿದ.

"ಲೇ, ಎಮ್ಮೆ ಮಾರಿದೋನು ದಿನಾ ಹೋಗಿ ಹಾಲು ಕರೆದು ಕೊಡ್ತಾನೇನಲೇ?"

"ಹಾಲೇ ಬರ್ದಿರೋ ಎಮ್ಮೆ ಮಾರಿದೀನಿ ಭಾವ. ಯಾಕೆ ಬರ್ತಿಲ್ಲ ಅಂತ ನೋಡ್ಬೇಕೋ ಬೇಡ್ವೋ?"

"ಹಂಗಾದ್ರೆ ಹೋಗಿ ಅವ್ರ ಮನೆಯಾಗೇ ಇರು!"

ಮಾರನೇ ದಿನ ಹಾಸಿಗೆ ಸುತ್ತಿಕೊಂಡು ಅವರ ಮನೆಗೇ ಹೋದೆ.

ಮೂರು ದಿನ ಗೋಡೆಗೊರಗಿ ಕೂತು ಮಗ್ಗ ನೋಡಿದೆ. ಏನೂ ತಿಳಿಯಲಿಲ್ಲ. ನಾಲ್ಕನೇ ದಿನ ಕೇಳಿದೆ, "ಅಣ್ಣಾ, ನಾನೊಂದು ಸಲ ಕುಣಿಗೆ ಇಳಿದು ಕೂರ್ಲಾ?" ನೇಕಾರ ತಾಯಿಯ ಮುಖ ನೋಡಿದ. ರಾಟೆ ನಿಂತಿತು. ಅವರಲ್ಲಿ ಕುಣಿ ಎಂದರೆ ದೇವರ ಮನೆ ಇದ್ದಹಾಗೆ. ದಿನಾ ಮುಟ್ಟಿ ನಮಸ್ಕರಿಸಿಯೇ ಇಳಿಯುವುದು. ಒಂದು ಮನೆಯ ಕುಣಿಗೆ ಇನ್ನೊಂದು ಮನೆಯ ಕಾಲು ಇಳಿಯುವುದಿಲ್ಲ.

"ನಮ್ಮ ಯಜಮಾನ್ರು ಹೋದ ಮೇಲೆ ಅದ್ರಾಗೆ ನನ್ನ ಮಗನ ಕಾಲು ಬಿಟ್ಟು ಬೇರೆ ಕಾಲು ಇಳಿದಿಲ್ಲ" ಎಂದಳು ಮುದುಕಿ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮೂರು ದಿನದಿಂದ ಅವಳ ಕೈಯ ಮುದ್ದೆ ಉಂಡಿದ್ದೆ, ಅದೇನಾದರೂ ನನ್ನ ಪರವಾಗಿ ಮಾತಾಡಿತೋ ಏನೋ. "ಕಾಲು ತೊಳ್ಕಂಡು ಬಾ. ಚೆನ್ನಾಗಿ ತಿಕ್ಕು. ತುಕ್ಕು ಇಲ್ಲಿ ಬೀಳಬಾರ್ದು."

ಕಾಲು ತೊಳೆದು, ಕುಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತೆ. ಮೇಲೆ ನೋಡಿದೆ. ಮಾಳಿಗೆ ಎಷ್ಟು ಎತ್ತರ ಕಂಡಿತು ಎಂದರೆ, ನೇಕಾರ "ಬೇಕಾದಷ್ಟೈತೆ" ಎಂದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಾಗೇ ತಲೆ ಎತ್ತಿದಂತೆ ಕೂತಿದ್ದಾಗ ದಾರಗಳು ಕಂಡವು. ನಡುವಿನವು ನೆಟ್ಟಗೆ ಇಳಿದಿದ್ದವು. ಪಕ್ಕದವು ಛತ್ರಿಯ ಕಡ್ಡಿಗಳ ಹಾಗೆ ಓರೆಯಾಗಿದ್ದವು. ಪೆಟ್ಟಿಗೆ ದಾರ ಎಳೆದಾಗ ನಡುವಿನ ಎಳೆ ಮೇಲಕ್ಕೆ ಹೋಗುತ್ತಿತ್ತು, ಪಕ್ಕದ ಎಳೆ ಮಗ್ಗುಲಿಗೆ ಉಜ್ಜಿಕೊಂಡು ಅರ್ಧಕ್ಕೇ ನಿಲ್ಲುತ್ತಿತ್ತು. ಉಜ್ಜಿ ಉಜ್ಜಿ ಹರಿಯುತ್ತಿತ್ತು. ದಾರ ಉದ್ದವಿದ್ದಿದ್ದರೆ ಇಷ್ಟು ಓರೆಯಾಗುತ್ತಿರಲಿಲ್ಲ. ಅದನ್ನು ಕತ್ತರಿಸಿದವನು ನಾನು.

ಹಿತ್ತಲಿನಿಂದ ಒಂದು ಬಿದಿರು ಗಳ ತಂದು ಹಾಸಿನಿಂದ ತೊಲೆಯವರೆಗೆ ನಿಲ್ಲಿಸಿ ಅಳೆದೆ. ಪೆಟ್ಟಿಗೆ ಇದ್ದ ಇನ್ನೊಂದು ಮನೆಗೆ ಅದೇ ಗಳ ಹೊತ್ತುಕೊಂಡು ಹೋಗಿ ಅಲ್ಲಿಯೂ ಹಿಡಿದೆ. ನಮ್ಮ ನೇಕಾರನ ಮನೆಯಲ್ಲಿ ಒಂದು ಮೊಳ ಕಡಿಮೆ. ಅಷ್ಟೇ. ಒಂದು ಮೊಳಕ್ಕೆ ಒಬ್ಬ ಮನುಷ್ಯ ತನ್ನ ಕೈ ಸರಿಯಿಲ್ಲ ಎಂದುಕೊಂಡಿದ್ದ.

"ಅಣ್ಣಾ, ದಾರ ಕತ್ತರಿಸಿದ್ದು ನಾನು, ಎತ್ತರ ಅಳೀದೆ ಮಾರಿದ್ದೂ ನಾನು. ನಿನ್ನ ಕೈಗೆ ಏನೂ ಆಗಿಲ್ಲ" ಎಂದು ಅವನ ಹೆಂಡತಿ, ತಾಯಿ ಇಬ್ಬರ ಎದುರೂ ಹೇಳಿದೆ. ಅವನು ಬಾಗಿಲಿಗೆ ಹೋಗಿ ಒಂದು ಬೀಡಿ ಸೇದಿ ಬಂದ.

ಮಾಳಿಗೆ ಎತ್ತರಿಸೋಣ ಎಂದರೆ ತೊಲೆಗಳು ಪಕ್ಕದ ಮನೆಯ ಗೋಡೆಗೂ ಹೋಗಿದ್ದವು. ಕೀಳಲು ಆಗುವುದಿಲ್ಲ. ಯುಗಾದಿಗೆ ಒಂದು ತಿಂಗಳೂ ಉಳಿದಿರಲಿಲ್ಲ. ನಾವಿಬ್ಬರೂ ಮೇಲೆ ನೋಡುತ್ತಾ ಲೆಕ್ಕ ಹಾಕುತ್ತಲೇ ಇದ್ದೆವು. ಮುದುಕಿಗೆ ಬೇಜಾರಾಯಿತು.

"ಮೇಲಕ್ಕೆ ಹೋಗೋಕಾಗ್ದಿದ್ರೆ ಕೆಳಕ್ಕೆ ಹೋಗ್ರಿ. ಗಂಡಸರು ಆಕಾಶ ನೋಡ್ತಾ ಕೂತ್ರೆ ಎಲ್ಲಾ ಆದಂಗೇ."

ಕುಣಿಯ ತಳ, ಸುತ್ತಲಿನ ನೆಲ, ಮಗ್ಗದ ಕಂಬ ನಿಂತ ನೆಲ, ಎಲ್ಲವನ್ನೂ ಒಂದು ಮೊಳ ತಗ್ಗಿಸುವುದು! ಕುಣಿ ಮುಟ್ಟಬಾರದು ಎಂದವಳೇ ಕುಣಿ ತೋಡಿ ಎಂದಿದ್ದಳು. ಒಂದು ಷರತ್ತು ಹಾಕಿದಳು. ತೋಡಿದ ಮಣ್ಣು ಬೀದಿಗೆ ಹೋಗಬಾರದು. "ಯಜಮಾನ್ರು ತುಳಿದ ಮಣ್ಣು. ತಿಪ್ಪೆಗೆ ಹಾಕಿದ್ರೆ ನಾನೂ ಅದರ ಜೊತೆ ಹೋಗ್ತೀನಿ." ಬಾಗಿಲ ಪಕ್ಕ ಜಗುಲಿಗೆ ಅದೇ ಮಣ್ಣಿನಲ್ಲಿ ಒಂದು ಕಟ್ಟೆ ಕಟ್ಟಿಕೊಡುತ್ತೇನೆ ಎಂದೆ. ಒಪ್ಪಿದಳು. ಜೀವನದಲ್ಲಿ ನಾನು ಮಾಡಿದ ಚೌಕಾಸಿಗಳಲ್ಲಿ ಎದುರಿನವರ ಮಾತನ್ನು ಒಂದೇ ಸಲಕ್ಕೆ ಒಪ್ಪಿಕೊಂಡದ್ದು ಅದೊಂದೇ.

ನೇಯ್ದಷ್ಟನ್ನು ಬಿಚ್ಚಿ, ಹಾಸು ಸುತ್ತಿ ಹಳೇ ಸೀರೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟೆವು. ಗುದ್ದಲಿ ಹಿಡಿದೆವು. ಕುಣಿಯ ತಳದಲ್ಲಿ ಒಂದು ಗೇಣಿನ ಮೇಲೆ ನಾಲ್ಕು ಬೆರಳು ಇಳಿದಿದ್ದೆವು, ಖಣ್ ಎಂದಿತು. ಬಂಡೆ. ಮೊಳಕಾಲ್ಮೂರಿನಲ್ಲಿ ಎಲ್ಲಿ ಅಗೆದರೂ ಬೆಟ್ಟದ ಬೇರು ಸಿಗುತ್ತದೆ. ಎರಡು ದಿನ ಹಾರೆ ಹಾಕಿದೆವು, ಒಂದು ಚಕ್ಕೆ ಎದ್ದರೆ ಕೇಳಿ. ನೇಕಾರ ಹಾರೆ ಕೆಳಗಿಟ್ಟು ಕುಣಿಯಲ್ಲೇ ಕೂತ. "ಆಯ್ತು ಬಿಡು ತಮ್ಮಾ. ನಾಳೆ ಸಾವ್ಕಾರ್ರ ಮನೆಗೆ ಹೋಗಿ ಬರ್ತೀನಿ."

"ಬಂಡೆ ತನ್ನ ಕಡೇ ಮಾತು ಹೇಳೈತೆ, ನಿನ್ನ ಮನೆ ಬಿಟ್ಟುಕೊಡೋದನ್ನ ಕೊಟ್ಟೈತೆ. ಇನ್ನು ಉಳಿದಿರೋದು ನನ್ನ ಪೆಟ್ಟಿಗೆ. ಅದು ಬಿಟ್ಟುಕೊಡ್ಲಿ. ಎರಡು ದಿನ ತಡಿ" ಎಂದೆ.

ಪೆಟ್ಟಿಗೆಯನ್ನು ತೊಲೆಯ ಕೆಳಗೆ ನಿಲ್ಲಿಸುವ ಬದಲು ಎರಡು ತೊಲೆಗಳ ನಡುವಿನ ಸಂದಿಗೆ ಏರಿಸಿದರೆ? ಪೆಟ್ಟಿಗೆಯ ಅಗಲ ಹೆಚ್ಚಾಗಿತ್ತು. ಎರಡೂ ಪಕ್ಕ ಹೊರಕ್ಕೆ ಚಾಚಿದ ದಪ್ಪ ಕಬ್ಬಿಣದ ಕಿವಿಗಳಿದ್ದವು. ಬಸ್ಸಿಗೆ ಹಾಕಿಕೊಂಡು ಚಳ್ಳಕೆರೆಗೆ ತಂದು, ಕಿವಿಗಳನ್ನು ಕತ್ತರಿಸಿ, ತೆಳು ಪಟ್ಟಿ ಬೆಸೆದೆ. ಶೆಡ್ಡಿನ ಬಾಗಿಲಲ್ಲಿ ನಿಂತ ಭಾವ, "ಒಳ್ಳೇ ಕಬ್ಬಿಣನೆಲ್ಲ ಕತ್ತರಿಸಿ ಎಸೀತಿದೀಯಲ್ಲಲೇ, ಗುಜರಿಗೆ ಹಾಕಿದ್ರೂ ತೂಕ ಬರಲ್ಲ" ಎಂದ. ಸರಿಯಾಗಿಯೇ ಹೇಳಿದ. ಕಬ್ಬಿಣದಲ್ಲಿ ತೂಕ ಬಿಟ್ಟು ಬೇರೇನನ್ನೋ ನಾನು ನೋಡಿದ್ದು ಆವತ್ತೇ ಮೊದಲು.

ಪೆಟ್ಟಿಗೆ ತೊಲೆಗಳ ನಡುವೆ ಸೇರಿಕೊಂಡಿತು. ತೋಡಿದ್ದು, ಏರಿಸಿದ್ದು ಕೂಡಿ ಕಡಿಮೆಯಿದ್ದ ಒಂದು ಮೊಳ ಸಿಕ್ಕಿತು. ಹೊಸ ದಾರ, ಪೂರಾ ಉದ್ದ. ನೇಕಾರ ಕುಣಿ ಮುಟ್ಟಿ ನಮಸ್ಕರಿಸಿ ಇಳಿದ. ಲಾಳಿ ಹೋಯಿತು, ಬಂತು. ಎಲ್ಲರೂ ಪಕ್ಕದ ಎಳೆಗಳನ್ನೇ ನೋಡುತ್ತಿದ್ದೆವು. ಹರಿಯಲಿಲ್ಲ. ಸಂಜೆಗೆ ಮಾವಿನಕಾಯಿಯ ಅಡಿ ಮೂಡಿತು, ಮಾರನೇ ದಿನ ಮೂತಿ ಮೂಡಿತು. ಮುದುಕಿ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿ, "ಹಾಂ, ಇದನ್ನ ಉಪ್ಪಿನಕಾಯಿ ಹಾಕಬೋದು" ಎಂದಳು. ಆ ಮನೆಯಲ್ಲಿ ಅಷ್ಟು ದಿನದಲ್ಲಿ ಮೊದಲ ಸಲ ಎಲ್ಲರೂ ನಕ್ಕರು.

ಮುಹೂರ್ತಕ್ಕೆ ನಾಲ್ಕು ದಿನ ಇರುವಾಗ ಸೀರೆ ಮಗ್ಗದಿಂದ ಇಳಿಯಿತು. ಬಿ.ಜಿ. ಕೆರೆಯಿಂದ ಮದುಮಗಳ ತಾಯಿ ಮದುಮಗಳನ್ನೇ ಕರೆದುಕೊಂಡು ಬಂದಿದ್ದಳು. ಹುಡುಗಿ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಗೋಡೆಯ ಕನ್ನಡಿಯ ಮುಂದೆ ನಿಂತಳು. ನೇಕಾರ ಸೀರೆಯನ್ನು ನೋಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. "ಇನ್ನೊಂದು ಮದುವೆ ಐತೆ ನಮ್ಮ ಪೈಕಿ, ಶ್ರಾವಣಕ್ಕೆ. ಅವರಿಗೂ ನೇಯ್ದು ಕೊಡ್ತೀರೇನ್ರಿ?" ಎಂದಳು ತಾಯಿ. "ಕೊಡ್ತೀನ್ರವ್ವಾ. ನನ್ನದೇ ಮಗ್ಗ" ಎಂದ. ಯಾರೂ ಕೇಳಿರದ ಆ ಎರಡನೇ ಮಾತನ್ನು ಅವನು ಎಷ್ಟು ಜೋರಾಗಿ ಹೇಳಿದ ಎಂದರೆ ಬೀದಿಗೂ ಕೇಳಿಸಿರಬೇಕು.

ಅಷ್ಟರಲ್ಲಿ ಸಾಹುಕಾರ ಬೇರೆ ಯಾರಿಂದಲೋ ಹತ್ತು ಪೆಟ್ಟಿಗೆ ತರಿಸಿ ಆಗಿತ್ತು. ಭಾವ ಶೆಡ್ಡಿನ ಬೀಗ ತೆಗೆದು, "ನಿನ್ನ ಸಾಮಾನು ಎತ್ತು" ಎಂದ. ಎತ್ತಿದೆ. ಬಳ್ಳಾರಿ ರಸ್ತೆಯ ಪಕ್ಕ ಒಂದು ಬೇವಿನ ಮರದ ಕೆಳಗೆ ಹನ್ನೊಂದು ಪೆಟ್ಟಿಗೆ ಜೋಡಿಸಿ ಟಾರ್ಪಾಲು ಹೊದಿಸಿದೆ. ಬೋರ್ಡಿಲ್ಲ, ಬಾಗಿಲಿಲ್ಲ. ಅಕ್ಕ ಬಂದು ಅತ್ತಳು. "ಅಳಬೇಡ, ನನ್ನ ಗಿರಾಕಿ ಗೆದ್ದವ್ನೆ" ಎಂದೆ. ಅದರಿಂದ ಅವಳಿಗೆ ಏನೂ ಸಮಾಧಾನವಾಗಲಿಲ್ಲ, ಅದು ಬೇರೆ ಮಾತು.

ಎರಡು ವಾರದ ಮೇಲೆ ಒಂದು ಬಸ್ಸು ಬಂದು ಬೇವಿನ ಮರದ ಹತ್ತಿರ ನಿಂತಿತು. ಒಳಗೆ ಜಗಳ. ಒಬ್ಬ ನೇಕಾರ ಉದ್ದನೆ ಗಳ ಹಿಡಿದುಕೊಂಡು ಇಳಿದ. ಹಿಂದೆಯೇ ಕಂಡಕ್ಟರ್ ತಲೆ ಹೊರಗೆ ಹಾಕಿ, "ಮುಂದಿನ ಸಲ ಕೋಲಿಗೂ ಟಿಕೆಟ್ ತಗೋಬೇಕು ನೋಡು!" ಎಂದು ಕೂಗಿದ. ನೇಕಾರ ಗಳವನ್ನು ನನ್ನ ಮುಂದೆ ನೆಟ್ಟಗೆ ನಿಲ್ಲಿಸಿದ. "ನಮ್ಮ ಮನೆ ಎತ್ತರ ಇಷ್ಟು. ಹಾಸಿನಿಂದ ತೊಲೆವರೆಗೆ. ಆ ಮನೆ ಅಜ್ಜಿ ಅಳೆದು ತಗಂಡು ಹೋಗು ಅಂದ್ಲು, ಇಲ್ಲಾಂದ್ರೆ ನೀನು ಮಾರಲ್ಲಂತೆ."

ಹಾಗೆಂದು ನಾನು ಯಾವತ್ತೂ ಹೇಳಿರಲಿಲ್ಲ. ಮುದುಕಿ ತಾನೇ ಕಾನೂನು ಮಾಡಿ ಊರಿಗೆಲ್ಲ ಸಾರಿದ್ದಳು. ನಾನು ಅದನ್ನೇ ಹಿಡಿದೆ. ಒಂದೊಂದೇ ಕೋಲು ಬರತೊಡಗಿತು. ಬಿದಿರು, ಜಾಲಿ, ಹಳೇ ಬಾವುಟದ ಕಂಬ. ಕೋಲು ನೋಡಿ ಪೆಟ್ಟಿಗೆಯ ಕಿವಿ ಕತ್ತರಿಸುತ್ತಿದ್ದೆ ಅಥವಾ ಎಷ್ಟು ತೋಡಬೇಕು ಎಂದು ಹೇಳುತ್ತಿದ್ದೆ. ಕೆಲವರಿಗೆ, "ನಿಮ್ಮ ಮನೆಗೆ ಇದು ಆಗಲ್ಲ, ತಗೋಬೇಡ್ರಿ" ಎಂದು ಕಳಿಸಿದ್ದೂ ಉಂಟು. ಹಾಗೆ ಕಳಿಸಿದವರು ತಮ್ಮ ಷಡ್ಡಕನನ್ನೋ ಬೀಗನನ್ನೋ ಕರೆದುಕೊಂಡು ಬಂದರು. ಮಾರಲ್ಲ ಎಂದವನ ಮಾತು ಜನ ನಂಬುತ್ತಾರೆ. ಹುಡುಗರಿಗೆ ಇದನ್ನು ಹೇಳಿದರೆ ಬರೆದುಕೊಳ್ಳುತ್ತಾರೆ, ಆದರೆ ಮಾಡುವುದಿಲ್ಲ. ಮೊದಲ ಗಿರಾಕಿಯ ಕುಣಿಗಿಳಿದು ಕೂರುವ ಬದಲು ಎರಡನೆಯವನ ಮನೆಗೆ ಓಡುತ್ತಾರೆ. ಓಡಲಿ, ಸುಸ್ತಾದ ಮೇಲೆ ಬರುತ್ತಾರೆ.

ಮುಂದಿನ ವರ್ಷ ಬೇಸಿಗೆಯಲ್ಲಿ ಸಾಹುಕಾರನ ಗುಮಾಸ್ತ ಬಂದ. ಬಿಳಿ ಅಂಗಿ, ಕಂಕುಳಲ್ಲಿ ಛತ್ರಿ. ಶೆಡ್ಡಿನ ಹತ್ತೂ ಮಗ್ಗದಲ್ಲಿ ಪಕ್ಕದ ಎಳೆ ನಿಲ್ಲುತ್ತಿಲ್ಲವಂತೆ. ನೇಕಾರರು ಬಿಟ್ಟು ಹೋಗುತ್ತಿದ್ದಾರಂತೆ, ಇಬ್ಬರು ಸ್ವಂತ ಮಗ್ಗ ಹಾಕಿಕೊಂಡರಂತೆ. "ಸಾವ್ಕಾರ್ರು ಬರಾಕೆ ಹೇಳಿದಾರೆ. ನಾಳೆನೇ ಬಂದು ಸರಿ ಮಾಡಿಕೊಡ್ಬೇಕಂತೆ. ಏನ್ ಕೇಳಿದ್ರೂ ಕೊಡ್ತಾರೆ."

ಮರದ ಕೆಳಗೆ ಆವತ್ತು ಐದು ಜನ ಕೋಲು ಹಿಡಿದು ಕೂತಿದ್ದರು. ನಾನು ಗುಮಾಸ್ತನ ಎರಡೂ ಕೈ ನೋಡಿದೆ.

"ಕೋಲೆಲ್ಲಿ?"

"ಯಾವ ಕೋಲು?"

"ಆ ಮಗ್ಗದಾಗೆ ಕೂತು ನೇಯ್ತಾರಲ್ಲ, ಅವರ ಕೈಲಿ ಅಳೆಸಿ ಒಂದೊಂದು ಕೋಲು ಕಳಿಸ್ರಿ. ಸಾವ್ಕಾರ್ರು ಅಳೆದದ್ದು ಬ್ಯಾಡ, ನೀವು ಅಳೆದದ್ದೂ ಬ್ಯಾಡ. ಕೋಲು ತಂದು ಇವರ ಹಿಂದೆ ಕೂತ್ಕಳ್ರಿ. ಸರದಿ ಬಂದಾಗ ನೋಡ್ತೀನಿ."

ಗುಮಾಸ್ತ ಛತ್ರಿ ಬಿಚ್ಚಿಕೊಂಡು ಬಸ್ಸಿನ ಕಡೆ ಹೋದ. ನಾನು ಸಾಲಿನಲ್ಲಿ ಮೊದಲು ಕೂತಿದ್ದವನ ಕೋಲು ತೆಗೆದುಕೊಂಡು ನೆಟ್ಟಗೆ ನಿಲ್ಲಿಸಿದೆ.